ಗಂಟುಮೋರೆಯ ನಗು

ನೊರೆ ಅಲುಗಿತು, ಎಡಗಡೆಯ ತುಟಿಯಂಚಿನಲ್ಲಿ, ಅಂದರೆ ಮತ್ತೆ ಬರುತ್ತಿದೆ, ಬ್ಲೇಡನ್ನು ಇವರ ಕೆನ್ನೆಯಿಂದ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಮೊನ್ನೆಯಂತೆ ಕೊಯ್ದುಹೋಗುತ್ತದೆ — ಬಂತು, ಭುಜ ಕುಣಿಸಿಕೊಂಡು, ಯಾರೋ ಕಚಗುಳಿ ಇಟ್ಟ ಹಾಗೆ, ನಗಿ ಸ್ವಾಮೀ ನಗಿ, ನಾನಿನ್ನೂ ಏನೂ ಹೇಳಿಯೇ ಇಲ್ಲ. ನಿಮ್ಮ ಅಕ್ಕ ಹೋದರು ಎನ್ನಬೇಕು, ಅಷ್ಟೇ ತಾನೆ, ಬೆಳಿಗ್ಗೆ ಫೋನ್ ಬಂದಾಗಿನಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಅಡಿಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದೇನೆ, ಲಾಂಡ್ರಿಗೆ ರಜೆ ಹೇಳಿದ್ದೂ ಆಯಿತು, ಇಸ್ತ್ರಿ ಮಾಡುವವಳಿಲ್ಲದೆ ಅಂಗಡಿಯವರು ಬಾಯಿ ಬಡಿದುಕೊಂಡದ್ದೂ ಆಯಿತು. ಫೋನಿನಲ್ಲಿ ಅತ್ತಿಗೆಯ ಯಜಮಾನರು ಅಳುತ್ತಲೇ ಹೇಳಿದರು, ನೋಡಮ್ಮ, ತಪ್ಪು ತಿಳ್ಕೋಬೇಡ, ಅವನನ್ನ ಕರ್ಕೊಂಡು ಬರೋದು ಬೇಡ, ಅವಳ ಮುಂದೆ ನಿಂತು ನಕ್ಕುಬಿಟ್ರೆ ಜನ ಏನಂತಾರೆ. ಜನ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳ ಮುಖವನ್ನು ಇವರು ಕೊನೆಯ ಸಲ ನೋಡಬೇಕೋ ಬೇಡವೋ, ಅದನ್ನು ಜನ ಹೇಳಬೇಕು. ಮಧ್ಯಾಹ್ನಕ್ಕೆ ಎತ್ತುತ್ತಾರಂತೆ, ಹೊರಡುವುದಾದರೆ ಈಗಲೇ ಹೊರಡಬೇಕು, ಇನ್ನೊಂದು ಕೆನ್ನೆ ಹಾಗೇ ಇದೆ.

ಮೊದಲೆಲ್ಲ ಇವರು ನಕ್ಕದ್ದನ್ನು ಮದುವೆಯ ಫೋಟೋದಲ್ಲೂ ಕಂಡವರಿಲ್ಲ, ರೈಲಿನಲ್ಲಿ ಟಿಕೆಟ್ ಕೇಳುತ್ತ ಬಂದರೆ ಟಿಕೆಟ್ ಇದ್ದವರೂ ಜೇಬು ತಡಕಾಡುತ್ತಿದ್ದರಂತೆ, ಗಂಟುಮೋರೆ ಬಂದ ಎಂದು ಬೋಗಿಯಿಂದ ಬೋಗಿಗೆ ಸುದ್ದಿ, ಅದನ್ನು ಹೇಳಿ ಹೇಳಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನನ್ನ ತಮ್ಮ ಒಂದಿನ ನಕ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ. ಆಮೇಲೆ ತಲೆಯಲ್ಲಿ ಒಂದು ನರ ಒಡೆಯಿತು, ಬಲಗೈ ಹೋಯಿತು, ಮಾತು ಹೋಯಿತು, ನಗು ಬಂತು. ಅದು ನಗು ಅಲ್ಲಮ್ಮ, ಎಂದರು ಡಾಕ್ಟರು, ಬಾಯಿ ತಾನಾಗೇ ಹಾಗ್ಮಾಡತ್ತೆ, ಒಳಗೆ ಖುಷಿ ಇರಬೇಕು ಅಂತೇನಿಲ್ಲ, ನೀವು ತಲೆ ಕೆಡಿಸ್ಕೋಬೇಡಿ. ಹೇಗೆ ಕೆಡಿಸಿಕೊಳ್ಳದಿರಲಿ — ಬೆಳಿಗ್ಗೆ ಫೋನ್ ಇಟ್ಟಾಗ ನನಗೂ ಏನೂ ಆಗಲಿಲ್ಲ, ಹಾಲು ಉಕ್ಕುತ್ತಿತ್ತು, ಒಲೆ ಆರಿಸಿದೆ, ಕುರ್ಚಿಯ ಮೇಲೆ ಇವರ ನೀಲಿ ಅಂಗಿ, ಹೋದ ಸಲ ಬಂದಾಗ ಅತ್ತಿಗೆ ಕನ್ನಡಕ ಹಣೆಗೇರಿಸಿಕೊಂಡು ಹೊಲಿದ ಗುಂಡಿ, ನೀಲಿ ಅಂಗಿಗೆ ಕಂದು ದಾರ, ಅದನ್ನು ಕಂಡದ್ದೇ ಗಂಟಲು ಕಟ್ಟಿತು, ದುಃಖ ಅದರ ಹಿಂದೆ ಬಂತು, ಹೌದು, ಗಂಟಲೇ ಮೊದಲು. ಹಾಗಾದರೆ ದುಃಖವನ್ನು ಗಂಟಲು ಕರೆಯುತ್ತದೆಯೇ, ಹಾಗಾದರೆ ಇವರ ಬಾಯಿ ದಿನವಿಡೀ ಏನನ್ನು ಕರೆಯುತ್ತಿದೆ, ಸುದ್ದಿ ಕೇಳಿ ಬಾಯಿ ನಕ್ಕರೆ ಒಳಗೆ ಸಂತೋಷವೇ ಆಗಿಬಿಡುತ್ತದೆಯೇ — ನನಗೆ ಭಯ ಅದೊಂದೇ, ಜನರದ್ದಲ್ಲ. ನಾನೂ ಎಷ್ಟೋ ಸಲ ಇವರ ಜೊತೆ ನಕ್ಕಿದ್ದೇನೆ, ಯಾತಕ್ಕೂ ಅಲ್ಲ, ಎದುರಿಗೆ ಕೂತವರು ಹಾಗೆ ನಕ್ಕರೆ ಹೊಟ್ಟೆ ಕೇಳುವುದಿಲ್ಲ, ನಕ್ಕ ಮೇಲೆ ಹಗುರವೂ ಆಗಿತ್ತು, ಆ ಹಗುರ ಎಲ್ಲಿಂದ ಬಂತು. ಇವರ ಜೊತೆಗೆ ಕೆಲಸ ಮಾಡುತ್ತಿದ್ದವರು ಒಮ್ಮೆ ನೋಡಲು ಬಂದು ತಮ್ಮ ಮಗ ತೀರಿಕೊಂಡದ್ದನ್ನು ಹೇಳುತ್ತ ಕೂತಿದ್ದರು, ಇವರು ಎಡಗೈಯ ಎರಡು ಬೆರಳನ್ನು ತುಟಿಯಂಚಿಗೆ ಒತ್ತಿ ಹಿಡಿದುಕೊಂಡಿದ್ದರು, ಹಲ್ಲುನೋವೇನೋ ಎಂದು ನಾನು ಬಿಸಿನೀರು ತಂದುಕೊಟ್ಟೆ.

ಆಯಿತು, ಇನ್ನೊಂದು ಕೆನ್ನೆಯೂ ಆಯಿತು, ನೊರೆ ಒರೆಸುವುದೊಂದೇ ಬಾಕಿ, ಹೇಳಿಬಿಡುತ್ತೇನೆ, ಅಕ್ಕ ಹೋಗಿಬಿಟ್ರು ರೀ, ಬೆಳಿಗ್ಗೆ, ನಿದ್ದೇಲೇ. ನೋಡುತ್ತಿದ್ದಾರೆ. ನನ್ನನ್ನಲ್ಲ, ಕುರ್ಚಿಯ ಮೇಲಿನ ನೀಲಿ ಅಂಗಿಯನ್ನು. ಎಡಗೈ ಊರಿ ಏಳಹೋಗುತ್ತಾರೆ, ಹೌದು ಹೊರಡೋಣ, ಜನ ಏನಾದರೂ ಅನ್ನಲಿ, ಅಂಗಿ ತೊಡಿಸುತ್ತೇನೆ — ಅಷ್ಟರಲ್ಲಿ ಬಂತು, ಭುಜ ಕುಣಿಯಿತು, ಇವರು ಮತ್ತೆ ಕೂತರು, ನಗುತ್ತಲೇ ತಲೆ ಆಡಿಸಿದರು, ಬೇಡ, ಮತ್ತೆ ಆಡಿಸಿದರು, ಬೇಡ, ಎಡಗೈ ಟವೆಲಿನ ಕೆಳಗಿನಿಂದ ಮೇಲೆ ಬಂತು, ಎರಡು ಬೆರಳು, ತುಟಿಯಂಚಿಗೆ. ಹಲ್ಲುನೋವಲ್ಲ. ಅಂದೂ ಅಲ್ಲ. ಎಲ್ಲ ಗೊತ್ತಿದೆ ಇವರಿಗೆ, ಎಲ್ಲವೂ, ಒಳಗೆ ಕೂತು ನೋಡುತ್ತಿದ್ದಾರೆ, ನಾನೂ ಆ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಒತ್ತುತ್ತೇನೆ, ನೊರೆ ಜಾರುತ್ತದೆ, ಇನ್ನೂ ಒತ್ತುತ್ತೇನೆ, ಇಬ್ಬರ ಬೆರಳ ಕೆಳಗೂ ಏಳುತ್ತಿದೆ, ಮತ್ತೆ ಏಳುತ್ತಿದೆ ತುಟಿಯಂಚು