ಒಂದೇ ಸಲ ಬಾಗುವ ಹಿತ್ತಾಳೆ

ನನ್ನ ತಮ್ಮ ಸುನೀಲನಿಗೆ ಎರಡು ಹುಚ್ಚು. ಒಂದು, ಹುಬ್ಬಳ್ಳಿಯಿಂದ ಗೂಡ್ಸ್ ರೈಲು ಓಡಿಸುವುದು. ಅದು ಅವನ ನೌಕರಿ. ಇನ್ನೊಂದು, ರಜೆಗೆ ನಮ್ಮೂರು ತಡಸದ ಮನೆಗೆ ಬಂದಾಗ ಹಿತ್ತಾಳೆ ತಗಡಿನಿಂದ ಗೇಣುದ್ದದ ಉಗಿ ಇಂಜಿನ್ ಕಟ್ಟುವುದು. ತಗಡು ಪೋಸ್ಟಿನಲ್ಲಿ ಬರುತ್ತದೆ. ಆ್ಯಸಿಡ್ ತಿಂದು ಕೊರೆದ ಬಿಡಿಭಾಗಗಳು ಸಣ್ಣ ಕೊಂಡಿಗಳಿಂದ ಅದಕ್ಕೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಮಡಚಿ, ಬೆಸುಗೆ ಹಾಕಬೇಕು. ಮಡಚುವ ಕಡೆ ಆ್ಯಸಿಡ್ ಅರ್ಧ ತಿಂದ ಗೆರೆಯೊಂದು ಈ ಅಂಚಿನಿಂದ ಆ ಅಂಚಿನವರೆಗೆ ಇರುತ್ತದೆ. ಅಲ್ಲಿ ತಗಡು ಒಂದೇ ಸಲ ಬಾಗುತ್ತದೆ, ತಿರುಗಿ ಬಾಗಿಸಿದರೆ ಮುರಿಯುತ್ತದೆ. ನಾನು ಬ್ಲೌಸ್ ಹೊಲಿಯುವವಳು. ನನಗೂ ಇದೆಲ್ಲ ಬಾಯಿಪಾಠ ಆಗುವಷ್ಟು ತಲೆ ತಿಂದಿದ್ದಾನೆ.

ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕುಳಿತು ಡ್ರೈವರ್ ನಿಲ್ಲುವ ಗೂಡನ್ನು ಮಡಚುತ್ತಿದ್ದ. ಉಗುರಿನಿಂದ ಗೆರೆ ತಡವಿ, ಇಕ್ಕಳ ಹಿಡಿದು ಬಾಗಿಸಿದ. ಅದು ಮಡಚುವ ಗೆರೆಯಲ್ಲ, ಅಂದಕ್ಕೆ ಕೊರೆದದ್ದು, ಆಚೆ ಅಂಚು ಮುಟ್ಟದೆ ಅರ್ಧಕ್ಕೇ ನಿಂತಿತ್ತು. ಪಕ್ಕದಲ್ಲಿ ಕಾಜಾ ಹಾಕುತ್ತಿದ್ದ ನನಗೇ ಕಂಡಿತು.

"ಅಲ್ಲಲ್ಲೋ, ಗೆರಿ ಅತ್ತಾಗ ಐತಿ," ಅಂದೆ.

ಗಡಬಡಿಸಿ ನೆಟ್ಟಗೆ ಮಾಡಲು ಹೋದ. ತಗಡು ಚಟ್ಟನೆ ಎರಡಾಯಿತು.

"ತಗಡ ಸುಮಾರ ಐತಿ," ಅಂದ.

"ತಗಡಲ್ಲ. ಉಗುರ ತಗಿ. ಕಣ್ಣಿಲೆ ನೋಡಿ ಹೇಳು, ಗೆರಿ ಎಲ್ಲೈತಿ?"

ತುಂಡನ್ನು ಮುಖದ ಹತ್ತಿರ ತಂದ, ದೂರ ಒಯ್ದ, ಕತ್ತು ವಾರೆ ಮಾಡಿದ. "ಬೆಳಕ ಸಾಲವಲ್ದು." ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ನನಗೆ ಮೊದಲು ಸಿಟ್ಟು ಬಂತು, ಬೆನ್ನಿಗೇ ಹೆದರಿಕೆ.

"ಎಷ್ಟ ದಿನ ಆತು?"

"ದೀವಳಿಗಿಯಿಂದ. ನೋಡಿದ್ದರ ನಟ್ಟನಡುವ ಮಬ್ಬ."

"ಸಿಗ್ನಲ್ ಹೆಂಗ ನೋಡ್ತಿ?"

ಇಂಜಿನ್‌ನಲ್ಲಿ ಇಬ್ಬರಿರುತ್ತಾರೆ. ಸಿಗ್ನಲ್ ಕಂಡ ಕೂಡಲೇ ಒಬ್ಬ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ತಾನೂ ನೋಡಿ ಅದನ್ನೇ ತಿರುಗಿ ಕೂಗಬೇಕು.

"ನನ್ನ ಜೋಡಿ ಇರೂ ಅಯಾಜ್ ಮೊದಲ ಕೂಗ್ತಾನ," ಅಂದ ಸುನೀಲ. "ಅವ ಕೂಗಿದ್ದನ್ನ ನಾ ಕೂಗ್ತೇನಿ. ಅವಗ ಗೊತ್ತಿಲ್ಲ."

"ಅಯಾಜ್ ತಪ್ಪಿದ್ರ?"

ಅವನು ಮುರಿದ ಎರಡು ತುಂಡುಗಳನ್ನು ಜೋಡಿಸಿ ಹಿಡಿದ.

"ಆಫೀಸಿನ್ಯಾಗ ಹೇಳು," ಅಂದೆ.

"ಹೇಳಿದ್ರ ಮತ್ತ ಇಂಜಿನ್ ಹತ್ತಾಕ ಬಿಡೂದಿಲ್ಲ. ನಾಳೆ ಡ್ಯೂಟಿ ಐತಿ, ಅದೊಂದು ಮಾಡ್ತೇನಿ. ನಿನ್ನ ಕಾಲ ಬೀಳ್ತೇನಿ ಅಕ್ಕಾ."

ಹೈಸ್ಕೂಲಿನಿಂದಲೂ ಅವನಿಗೆ ಬೇರೆ ಆಸೆ ಇರಲಿಲ್ಲ. ಅದು ಗೊತ್ತಿದ್ದೂ ಅವನ ಫೋನ್ ತೆಗೆದುಕೊಂಡು ಡ್ಯೂಟಿ ಹಾಕುವ ಆಫೀಸಿಗೆ ಹಚ್ಚಿದೆ. ಅವನು ಕಸಿದುಕೊಳ್ಳಬಹುದಿತ್ತು, ಕಸಿಯಲಿಲ್ಲ.

"ಸುನೀಲಗ ಕಣ್ಣ ಸರಿ ಕಾಣೂದಿಲ್ಲರಿ. ನಾಳೆ ಇಂಜಿನ್ ಕೊಡಬ್ಯಾಡ್ರಿ," ಅಂದೆ. ಯಾರು ಮಾತಾಡುತ್ತಿರುವುದು ಎಂದು ಕೇಳಿದರು.

"ಅವನ ಅಕ್ಕರಿ."

ಡಾಕ್ಟರು ನೋಡಿ ಅವನನ್ನು ಇಂಜಿನ್‌ನಿಂದ ಇಳಿಸಿದರು. ಈಗ ಆಫೀಸಿನಲ್ಲಿ ಕೂರುವ ಕೆಲಸ. ನಾನು ಮಾಡಿದ್ದು ಸರಿ. ಯಾರು ಕೇಳಿದರೂ ಹಾಗೆಯೇ ಹೇಳುತ್ತೇನೆ. ರಜೆಗೆ ಈಗಲೂ ಬರುತ್ತಾನೆ, ಊಟಕ್ಕೆ ಕೂರುತ್ತಾನೆ. ನೀರು ಬೇಕಾದರೆ "ನೀರು" ಅನ್ನುತ್ತಾನೆ. ಅದರ ಜೊತೆ "ಅಕ್ಕಾ" ಎಂದು ಸೇರಿಸುವುದಿಲ್ಲ.