ಮಗ್ಗದ ದನಿಯ ಇಂಗ್ಲಿಷ್

ಬೀಳಗಿ ಕಡೆಯ ನಮ್ಮ ಹೊಲ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಬನಹಟ್ಟಿಗೆ ಬಂದು ಪವರ್‌ಲೂಮ್ ಹಿಡಿದೆ. ಏಳನೆಯದಕ್ಕೇ ಶಾಲೆ ಬಿಟ್ಟವನು ನಾನು. ಮುಳುಗಡೆಯವರ ಕೋಟಾದಲ್ಲಿ ಜವಾನನ ಕೆಲಸವಿತ್ತು; ಹತ್ತನೆಯದು ಪಾಸಾಗಿರಬೇಕಂತೆ. ಹೊಲ ಮುಳುಗಿಸುವಾಗ ಯಾರೂ ಮಾರ್ಕ್ಸ್ ಕಾರ್ಡ್ ಕೇಳಿರಲಿಲ್ಲ. ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಉಳಿದ ವಿಷಯವೆಲ್ಲ ಪಾಸಾದೆ. ಇಂಗ್ಲಿಷ್ ಎರಡು ಸಲ ಕೆಡವಿತು. ಈ ಸಲ ಬಿದ್ದರೆ ಅರ್ಜಿಯ ಗಡುವೇ ಮುಗಿಯುತ್ತಿತ್ತು.

ನಮ್ಮ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕಾವೇರಿ ಹತ್ತನೆಯದು ಪಾಸು. ಎಂಟು ಮಗ್ಗಗಳ ಸದ್ದಿನ ಮೇಲೆ ಒದರಿ ಕಲಿಸಿದಳು.

"ಶಬ್ದಕ್ಕ ಬಾಲ ಹಚ್ಚಿದ್ರ ಅದರ ಕೆಲಸಾನ ಬದಲಾಗತೈತಿ, ಬಾಳ್ಯಾ! ಹೋಪ್ ಅಂದ್ರ ಆಸೆ. ಫುಲ್ ಹಚ್ಚು, ಆಸೆ ತುಂಬೇತಿ. ಲೆಸ್ ಹಚ್ಚು, ಆಸೇನ ಇಲ್ಲ."

"ಹಂಗಾದ್ರ ನಂದು ಲೆಸ್!"

"ಅಳಬ್ಯಾಡ, ಬಾಯಿ ಬಿಡು. ಟೀಚ್?"

"ಟೀಚರ್!"

ಮೂರು ತಿಂಗಳು ಹೀಗೆ ನಡೆಯಿತು. ಅವಳು ಶಬ್ದ ಒದರಬೇಕು, ನಾನು ಬಾಲ ಒದರಬೇಕು.

ಜಮಖಂಡಿಯಲ್ಲಿ ಪರೀಕ್ಷೆ. ಹಾಲ್ ಗಪ್ಪಾಗಿತ್ತು. ಪ್ರಶ್ನೆಪತ್ರಿಕೆಯಲ್ಲಿ 'ಕೇರ್' ಕಂಡಿತು. ಅದರ ಬಾಲ ಬಾಯೊಳಗೇ ಅಂದುಕೊಂಡೆ. ಇಡೀ ಹಾಲ್ ತಿರುಗಿ ನೋಡಿತು, ಮರುಕ್ಷಣ ಎಲ್ಲರೂ 'ಕೇರ್‌ಲೆಸ್' ಎಂದು ಬರೆದರು. ಮೇಲ್ವಿಚಾರಕ ನನ್ನ ಉತ್ತರಪತ್ರಿಕೆ ಕಿತ್ತುಕೊಂಡ.

"ಏಳ ಮ್ಯಾಲ! ಮಂದಿಗೆ ಉತ್ತರ ಹೇಳಾಕತ್ತೀಯೇನ?"

ಆಫೀಸಿನಲ್ಲಿ ಮುಖ್ಯ ಅಧೀಕ್ಷಕ ವಿಶ್ವಾಸ ಸರ್ ಬಿಳಿ ಹಾಳೆ ಮುಂದೆ ನೂಕಿದರು. "ನಕಲು ಮಾಡಿಸಿದೆ ಅಂತ ಬರದು ಸಹಿ ಮಾಡು."

ಸಹಿ ಹಾಕಿದರೆ ಪರೀಕ್ಷೆಯೂ ಹೋಯಿತು, ಜವಾನಿಕೆಯೂ ಹೋಯಿತು.

"ಮಾಡೂದಿಲ್ರಿ!"

"ಯಾಕ ಒದರತಿ? ಮೆಲ್ಲಕ ಮಾತಾಡು."

"ಮೆಲ್ಲಕ ಮಾತಾಡಾಕತ್ತೇನ್ರಿ!"

ಹಲ್ಲಿಯೊಂದು ಗೋಡೆ ಬಿಟ್ಟು ಓಡಿತು. ಅವರು ನನ್ನನ್ನೇ ನೋಡಿದರು. "ಏನ್ ಉದ್ಯೋಗ?"

"ಮಗ್ಗ್ರೀ! ಬನಹಟ್ಟಿ!"

ಅವರು ಏನೋ ಅಂದರು. ಕೇಳಿಸಲಿಲ್ಲ. "ಏನ್ರೀ?" ಎಂದೆ. ಅವರೂ ದನಿ ಏರಿಸಿದರು.

"ಡಾರ್ಕ್!"

"ಡಾರ್ಕ್‌ನೆಸ್!"

"ಎಂಪ್ಲಾಯ್!"

"ಎಂಪ್ಲಾಯರ್, ಕೆಲಸ ಕೊಡಾಂವ! ಎಂಪ್ಲಾಯೀ, ದುಡ್ಯಾಂವ!"

"ಸಾಕೋ ಮಾರಾಯಾ, ಬಾಜೂ ಹಾಲ್‌ನವ್ರೂ ಬರಕೋತಾರ." ಬಿಳಿ ಹಾಳೆ ಹರಿದು, ಉತ್ತರಪತ್ರಿಕೆ ನನಗೆ ಕೊಟ್ಟು, ಮೇಲ್ವಿಚಾರಕನ ಕಡೆ ತಿರುಗಿದರು. "ವರಾಂಡಾದ ಆ ತುದೀಗೆ ಕುಂದ್ರಸ್ರಿ ಇವನ್ನ."

"ಹ್ವಾದ ಇಪ್ಪತ್ತ ನಿಮಿಷ ಕೊಡ್ರಿ, ಸರ್," ಎಂದೆ.

"ಗಂಟಿ ಆಗೂತನಕ ಅಷ್ಟ."

ಅವರ ತಪ್ಪಿಗೆ ನನ್ನ ಇಪ್ಪತ್ತು ನಿಮಿಷ! ಜಗಳಕ್ಕೆ ನಿಲ್ಲುವಷ್ಟು ಸಿಟ್ಟಿತ್ತು, ಹೊತ್ತಿರಲಿಲ್ಲ. ಮತ್ತೆ ದನಿ ಹೊರಬೀಳದಂತೆ ಹೆಗಲ ಟವೆಲ್ ಹಲ್ಲಲ್ಲಿ ಕಚ್ಚಿ ಬರೆಯತೊಡಗಿದೆ. ಅವಸರಕ್ಕೆ ಅಕ್ಷರಗಳು ಗೆರೆ ದಾಟುತ್ತಿದ್ದವು.

ಗಂಟೆ ಹೊಡೆದಾಗ ಕೊನೆಯ ಉತ್ತರ ಅರ್ಧವಾಗಿತ್ತು. ಮೇಲ್ವಿಚಾರಕ ಪತ್ರಿಕೆಯ ಆ ಕಡೆ ಹಿಡಿದು ಎಳೆಯುತ್ತಿದ್ದ. ಈ ಕಡೆ ನಾನು ಇನ್ನೂ ಬರೆಯುತ್ತಲೇ ಇದ್ದೆ.