ಇಳಿಜಾರಿನ ಬಾಡಿಗೆ

ಒಳಗೆ ಸಾಯಬಣ್ಣನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಹೊರಗೆ ಮಜೀದಸಾಬ ಸತ್ತವನ ಲಾರಿಯ ಟಾಂಕಿಗೆ ಬಿದಿರುಕಡ್ಡಿ ಇಳಿಸಿ ಪೆಟ್ರೋಲು ಎಷ್ಟಿದೆ ಎಂದು ನೋಡುತ್ತಿದ್ದ. ಸತ್ತ ಮನೆಯ ಮುಂದೆ ಮಾಡುವ ಕೆಲಸವಲ್ಲ ಅದು. ಆದರೆ ವಾಡಿಯ ಮಜೀದಸಾಬನೂ ಲಾರಿ ಇಟ್ಟವನು, ಅವನಿಗೆ ತಡೆಯಲಾಗಲಿಲ್ಲ.

"ಪೀರಪ್ಪ, ಇಲ್ಲಿ ಬಾ," ಎಂದು ಸತ್ತವನ ತಮ್ಮನನ್ನು ಕರೆದ. "ಅಷ್ಟು ದೂರ ಓಡಿದ ಗಾಡ್ಯಾಗ ಇಷ್ಟು ಎಣ್ಣಿ ಹ್ಯಾಂಗ ಉಳೀತು? ಚಾವಿ ಹ್ಯಾಂಗಿತ್ತು?"

"ಬಂದ್ ಇತ್ತು."

"ಗೇರು?"

"ತೆಗೆದಿತ್ತು."

ಹಿಂದಿನ ಸಂಜೆ ತೊಗರಿ ಹೇರಿದ್ದ ಲಾರಿ, ಚಿಂಚೋಳಿಯಿಂದ ಸುಲೇಪೇಟಕ್ಕೆ ಇಳಿಯುವ ರಸ್ತೆಯಲ್ಲಿ ತಿರುವು ಬಿಟ್ಟು ಹೊಲಕ್ಕೆ ನುಗ್ಗಿತ್ತು. ಬಂಪರು ಡೊಂಕಾದದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಕೆಳಗೆ ಬಿದ್ದ ಸಾಯಬಣ್ಣ ಹಿಂದಿನ ಗಾಲಿಗೆ ಸಿಕ್ಕಿದ್ದ. ರಾತ್ರಿಯೇ ಹೇರನ್ನು ಬೇರೆ ಗಾಡಿಗೆ ಹಾಕಿ, ಪೀರಪ್ಪ ಲಾರಿಯನ್ನು ಮನೆಗೆ ಓಡಿಸಿಕೊಂಡು ಬಂದಿದ್ದ.

*

ಪೆಟ್ರೋಲು ತುಟ್ಟಿಯಾದ ವರ್ಷ ಲಾರಿಯವರೆಲ್ಲ ಸೇಡಂ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಕೂಡಿದ್ದರು. ಇನ್ನು ಮೇಲೆ ಎಣ್ಣೆ ಸಾವುಕಾರರೇ ಹಾಕಿಸಬೇಕು, ಬಾಡಿಗೆ ಬರೀ ಗಾಡಿಗೆ ಎಂದು ಮಾತಾಯಿತು. ಸಾಯಬಣ್ಣನೂ ಹೂಂ ಎಂದು ಗೋಣು ಹಾಕಿದ. ಮರುದಿನವೇ ಚಿಂಚೋಳಿಯ ತೊಗರಿ ವ್ಯಾಪಾರಿ ಕಲ್ಯಾಣಪ್ಪನ ಗೋದಾಮಿಗೆ ಹೋಗಿ, "ನನಗ ಹಳೇ ಬಾಡಿಗಿನೇ ಸಾಕ್ರಿ. ಎಣ್ಣಿ ನಂದೇ," ಎಂದು ಬಂದ. ಮಹಾ ಜಾಣ. ಉಳಿದವರ ಹೊಟ್ಟೆಯ ಮೇಲೆ ಹೊಡೆದ. ಇವನಿಗೆ ಹೇಗೆ ಗಿಟ್ಟುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಹೆಂಡತಿ ಭಾಗಮ್ಮನಿಗೆ. ಚಿಂಚೋಳಿಯ ತವರಿನಿಂದ ಅವಳನ್ನು ಕರೆತರುವಾಗ, ಇಳಿಜಾರು ಶುರುವಾಗುವಲ್ಲಿ ಅವನು ಎಂಜಿನ್ ಬಂದ್ ಮಾಡಿ ಗೇರು ತೆಗೆದ. ಹೈದರಾಬಾದಿನ ಪೊಲೀಸ್ ಆಕ್ಷನ್ನಿನ ಮರುವರ್ಷ ಮಿಲಿಟರಿ ಹರಾಜಿನಲ್ಲಿ ಕೊಂಡ ಆ ಲಾರಿ, ಹೇರು ಹೊತ್ತುಕೊಂಡು ತಾನಾಗಿಯೇ ಉರುಳತೊಡಗಿತು. ಗಾಳಿಯ ಸದ್ದು, ಹಗ್ಗ ಕಿರುಗುಟ್ಟುವ ಸದ್ದು, ಬೇರೇನಿಲ್ಲ.

"ಕೇಳು, ಈಗ ಪುಕ್ಕಟೆ ಓಡ್ಲಿಕತ್ತದ," ಎಂದು ನಕ್ಕ.

"ನಿಲ್ಲಸ್ಬೇಕಂದ್ರ ನಿಲ್ತದೇನು?"

"ಬ್ರೇಕ್ ಅದಲ್ಲ."

ಗೇರಿನಲ್ಲಿದ್ದರೆ ಎಂಜಿನ್ನು ಗಾಡಿಯನ್ನು ಹಿಡಿದಿಡುತ್ತದೆ, ಅಷ್ಟು ಭಾರಕ್ಕೆ ಬರೀ ಬ್ರೇಕು ಸಾಲದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಹೆದರಿಕೆಯಾಯಿತು. ಕೆಳಗೆ ಮುಟ್ಟುವ ತನಕ ಅವನ ತೋಳು ಬಿಡಲಿಲ್ಲ.

*

ಮಣ್ಣು ಮಾಡುವಾಗ ಕಲ್ಯಾಣಪ್ಪ ಬಿಕ್ಕಿ ಬಿಕ್ಕಿ ಅತ್ತ. ಅದು ನಾಟಕವಲ್ಲ. ಸತ್ತವನ ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಅವನಿಗೆ ಸೇಡಂ ಸ್ಟೇಷನ್ನಿನಲ್ಲಿ ತೊಗರಿಗೆ ಕಾದು ನಿಂತ ವ್ಯಾಗನ್ ನೆನಪಾಯಿತು.

"ಪೀರಪ್ಪ, ಇಂಥಾ ಹೊತ್ತಿನಾಗ ಕೇಳ್ಬಾರ್ದು. ವ್ಯಾಗನ್ ನಾಳಿಗಿ ಹೋಗ್ತದ. ಗೋದಾಮ್ನಾಗ ಇನ್ನೊಂದು ಹೇರು ಅದ. ನಿಮ್ಮಣ್ಣನ ಬಾಡಿಗಿನೇ ಕೊಡ್ತೀನಿ."

"ಸಾವ್ಕಾರ್ರೇ," ಎಂದ ಮಜೀದಸಾಬ, "ಆ ಬಾಡಿಗ್ಯಾಗ ಇಳಿಜಾರಿಗೆ ಎಣ್ಣಿ ಇಲ್ರಿ. ಬಂದ್ ಮಾಡೇ ಇಳಸ್ಬೇಕು. ಅಂವ ಹೋಗಿದ್ದೇ ಹಂಗ."

"ಸಾಲಂಗಿಲ್ಲಂತ ಅಂವ ಎಂದೂ ಅಂದಿಲ್ಲಲ್ಲಪ್ಪ. ಇದಕ್ಕಿಂತ ಜಾಸ್ತಿ ನನಗೂ ಗಿಟ್ಟಂಗಿಲ್ಲ. ಬ್ಯಾರೆ ಗಾಡಿ ಅದಾವ."

ಹೊಸ್ತಿಲ ಒಳಗಿನಿಂದ ಭಾಗಮ್ಮನ ದನಿ ಬಂತು. "ಎಣ್ಣಿ ಅವರೇ ಹಾಕಸ್ಲಿ. ಇಲ್ಲಂದ್ರ ಹೋಗ್ಬ್ಯಾಡ, ಪೀರಪ್ಪ."

"ಬ್ಯಾಡ ಅಂದ್ರ ಗಾಡಿ ಮನಿ ಮುಂದ ತುಕ್ಕು ಹಿಡೀತದ ವೈನಿ. ಇಷ್ಟು ಮಂದಿ ಏನ್ ಉಣ್ಣೋಣು?" ಪೀರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನಾ ಬಂದ್ ಮಾಡಂಗಿಲ್ಲ. ಗೇರ್ನಾಗೇ ಇಳಸ್ತೀನಿ."

"ನಿಮ್ಮಣ್ಣನ ಬಾಡಿಗ್ಯಾಗ?" ಎಂದ ಮಜೀದಸಾಬ.

ಪೀರಪ್ಪ ಲಾರಿ ಹತ್ತಿದ. ಕಲ್ಯಾಣಪ್ಪ ಪಕ್ಕದಲ್ಲಿ ಕುಳಿತ.

*

ಹೊತ್ತು ಮುಳುಗುವಾಗ ಗುಡ್ಡದ ಮೇಲಿಂದ ಲಾರಿಯ ಸದ್ದು ಕೇಳಿಸಿತು. ಮನೆ ಇಳಿಜಾರಿನ ಬುಡದಲ್ಲೇ ಇತ್ತು, ರಸ್ತೆಗೆ ಹತ್ತಿಕೊಂಡು. ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ಸದ್ದು ನೆತ್ತಿಯ ತನಕ ಏರಿ ಬಂತು. ಅಲ್ಲಿ ಎಂಜಿನ್ ಬಂದ್ ಆಯಿತು.

ಭಾಗಮ್ಮ ದಡಬಡಿಸಿ ಎದ್ದು, ರಸ್ತೆಯಂಚಿನಲ್ಲಿ ಆಡುತ್ತಿದ್ದ ತನ್ನ ಮಕ್ಕಳಿಬ್ಬರನ್ನೂ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಆಮೇಲೆ ಮತ್ತೆ ಹೊರಗೆ ಬಂದು ಓಣಿಯ ಮಕ್ಕಳನ್ನೆಲ್ಲ ಹೆಸರು ಹಿಡಿದು ಕೂಗತೊಡಗಿದಳು.